ನರಿಗುಟ್ಟೆಯ ಏರು

ಕಳೆದ ತಿಂಗಳು ಬಂಗಾರಪೇಟೆಯಲ್ಲಿ ನಮ್ಮ ಪರಿಚಯದವರ ಮಗನೊಬ್ಬ ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಜಿಮ್ ತೆರೆದ. ಪೂಜೆಗೆ ಕರೆದಿದ್ದರು, ಹೋಗಿದ್ದೆವು. ಗೋಡೆ ತುಂಬ ಕನ್ನಡಿ, ನೆಲಕ್ಕೆ ಹೊಸ ರಬ್ಬರ್ ಹಾಸು, ಸಾಲಾಗಿ ಜೋಡಿಸಿದ ಕಬ್ಬಿಣದ ಬಿಲ್ಲೆಗಳಿಗೆಲ್ಲ ಅರಿಶಿನ ಕುಂಕುಮ. ಪುರೋಹಿತರು ಕರ್ಪೂರ ಹಚ್ಚಿದಾಗ ಆ ವಾಸನೆಯೂ ಕಬ್ಬಿಣದ ವಾಸನೆಯೂ ಒಟ್ಟಿಗೇ ಮೂಗಿಗೆ ಬಂತು. ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಒಂದು ತಗಡಿನ ಶೆಡ್ಡು ಕಣ್ಣಮುಂದೆ ಬಂದು ಮಂಗಳಾರತಿಗೆ ಕೈ ಚಾಚುವುದನ್ನೇ ಮರೆತು ನಿಂತುಬಿಟ್ಟೆ.

ಪಕ್ಕಕ್ಕೆ ತಿರುಗಿದರೆ ನಮ್ಮವರು ಇಲ್ಲ. ಆಗಲೇ ಆ ಕಡೆ ಹೋಗಿ, ಹೆಗಲ ಮೇಲೆ ಕಬ್ಬಿಣದ ಸರಳು ಹೊತ್ತು ಬಸ್ಕಿ ಹೊಡೆಯುತ್ತಿದ್ದ ಹುಡುಗನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. "ಮಂಡಿ ಒಳಕ್ಕೆ ಓಗ್ತಾ ಅವೆ ನೋಡಪ್ಪಾ. ಒರಕ್ಕೆ ತಳ್ಳು," ಅನ್ನುತ್ತಿದ್ದರು. ಆ ಹುಡುಗ ಉಸಿರು ಬಿಡುತ್ತ, "ನೀವೂ ಜಿಮ್‌ಗೆ ಹೋಗ್ತಿದ್ರಾ ತಾತ?" ಅಂತ ಕೇಳಿದ. ಅವರು ನನ್ನ ಕಡೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ನಮ್ಮ ಮದುವೆಯಾದ ವರ್ಷದ ಮಾತು ಅದು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಮುಳಬಾಗಿಲಿನ ಕಡೆಯ ತೆಲುಗು ಮಾತಿನ ಮನೆಯಿಂದ ಬಂಗಾರಪೇಟೆ ಪಕ್ಕದ ಈ ಊರಿಗೆ ಬಂದೆ. ಇಲ್ಲಿ ಇದ್ದವರು ಮೂರೇ ಜನ, ಅತ್ತೆ, ನಮ್ಮವರು, ನಾನು. ತುಂಬಿದ ಸಂಸಾರ ಅಂತ ಇದ್ದದ್ದು ಕೊಟ್ಟಿಗೆಯಲ್ಲಿ ಮಾತ್ರ. ನಮ್ಮವರ ಹೆಸರು ಮುನಿರಾಜು. ನಮ್ಮ ಮನೆಯ ಮತ್ತು ಅಕ್ಕಪಕ್ಕದ ಮನೆಗಳ ಹಾಲನ್ನು ಕ್ಯಾನುಗಳಿಗೆ ತುಂಬಿ, ಸೈಕಲ್ಲಿನ ಹಿಂದೆ ಎರಡೂ ಬದಿಗೆ ಇಳಿಬಿಟ್ಟು, ಬೆಳಗಾಗುತ್ತಲೇ ಕೋರಮಂಡಲ್‌ನ ಗಣಿ ಕೆಲಸಗಾರರ ಲೈನುಮನೆಗಳಿಗೂ ರಾಬರ್ಟ್‌ಸನ್‌ಪೇಟೆಯ ಹೋಟೆಲುಗಳಿಗೂ ಹಾಕಿ ಬರುವುದು ಅವರ ಕೆಲಸ. ಬಂದ ಮೇಲೆ ಹೊಲ. ಮಾತು ತೀರ ಕಡಿಮೆ. ಮೊದಲ ಕೆಲವು ವಾರ ನನ್ನ ಹತ್ತಿರ ಅವರು ಆಡಿದ್ದನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ನಾನು ಅವರಿಗೆ ಒಪ್ಪಿಗೆಯೋ ಇಲ್ಲವೋ ಅನ್ನುವುದೂ ತಿಳಿಯುತ್ತಿರಲಿಲ್ಲ. ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿ, ಅಮ್ಮನ ಮನೆ ನೆನೆಸಿಕೊಂಡು ಅತ್ತದ್ದೂ ಉಂಟು.

ಹಾಲಿನ ಸೈಕಲ್ಲಿನ ಜೊತೆಗೆ ಮನೆಯಲ್ಲಿ ಇನ್ನೊಂದು ಸೈಕಲ್ಲಿತ್ತು. ಅದಕ್ಕೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಚೈನಿನ ಮುಚ್ಚಳವೂ ಇಲ್ಲ. ಎಲ್ಲ ಕಿತ್ತು ಬರೀ ಎಲುಬು ಉಳಿಸಿದ ಹಾಗೆ ಗೋಡೆಗೆ ಒರಗಿ ನಿಂತಿತ್ತು. ಆದರೆ ಅದಕ್ಕೆ ದಿನಾ ಎಣ್ಣೆ ಬಟ್ಟೆಯಲ್ಲಿ ಉಪಚಾರ ನಡೆಯುತ್ತಿತ್ತು. ಇದೇನು ಅಂತ ಅತ್ತೆಯನ್ನು ಕೇಳಿದೆ.

"ಅದಾ? ಅವ್ಳು ನನ್ನ ದೊಡ್ ಸೊಸೆ ಕಣಮ್ಮಿ," ಅಂದರು ಅತ್ತೆ, ಸಗಣಿ ಬಾಚುತ್ತಾ. "ನೀನು ಎರಡ್ನೇವ್ಳು."

ಆಮೇಲೆ ಅವರೇ ಎಲ್ಲ ಹೇಳಿದರು. ಸಂಕ್ರಾಂತಿ ಮುಗಿದ ಮೇಲೆ ಕೋರಮಂಡಲ್‌ನ ಹುಡುಗರ ಸಂಘದವರು ವರ್ಷವೂ ಒಂದು ಸೈಕಲ್ ರೇಸು ನಡೆಸುತ್ತಾರೆ. ಟಾರು ರಸ್ತೆ ಮುಟ್ಟುವ ಹಾಗಿಲ್ಲ. ಸಂಘದ ಮೈದಾನದಿಂದ ಹೊರಟು, ಗಣಿಯ ಮಣ್ಣಿನ ದಿಬ್ಬಗಳ ಹಿಂದೆ ಸುತ್ತಿ, ಕೆರೆ ಕಟ್ಟೆ ದಾಟಿ, ಗಾಡಿದಾರಿ ಹಿಡಿದು, ನರಿಗುಟ್ಟೆ ಹತ್ತಿ ಇಳಿದು ಮತ್ತೆ ಮೈದಾನಕ್ಕೆ ಬರಬೇಕು. ಈಗ ಟೀವಿಯಲ್ಲಿ ಮೌಂಟನ್ ಬೈಕ್ ಅಂತ ತೋರಿಸುವ ಗೇರಿನ ಸೈಕಲ್ಲನ್ನು ಆಗ ನಾವು ಕಂಡಿರಲಿಲ್ಲ. ಹಾಲು ಹೊರುವ, ಶಿಫ್ಟಿಗೆ ಹೋಗುವ ಕರಿ ಸೈಕಲ್ಲುಗಳೇ ರೇಸಿಗೂ. ನರಿಗುಟ್ಟೆ ದೊಡ್ಡ ಬೆಟ್ಟವೇನಲ್ಲ. ಆದರೆ ಮೇಲಿನ ಏರಿನಲ್ಲಿ ಸಡಿಲ ಕೆಂಪು ಗರಸು, ದಾರಿ ಗೋಡೆಯ ಹಾಗೆ ಎದ್ದು ನಿಂತಿದೆ. ಅಲ್ಲಿ ಎಲ್ಲರೂ ಇಳಿದು ಸೈಕಲ್ಲು ತಳ್ಳುವವರೇ. ಇಳಿಯದೆ ಹತ್ತಿದವರನ್ನು ಯಾರೂ ನೋಡಿರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಬಾಬು ಓಡಿಕೊಂಡು ತಳ್ಳುವುದರಲ್ಲಿ ಗಟ್ಟಿಗ, ವರ್ಷವೂ ಅವನೇ ಗೆಲ್ಲುತ್ತಿದ್ದ. ಹಿಂದಿನ ವರ್ಷ ನಮ್ಮವರು ಅಲ್ಲಿಯ ತನಕ ಎಲ್ಲರಿಗಿಂತ ಮುಂದಿದ್ದು, ಹಿಂದಿನ ಚಕ್ರ ಗರಸಿನಲ್ಲಿ ಗಿರಗಿರ ತಿರುಗಿ, ಮುಖ ಕೆಳಗಾಗಿ ಬಿದ್ದಿದ್ದರು.

"ಒಂದು ಕೆನ್ನೆ ತೊಗಲೇ ಇರ್ಲಿಲ್ಲ ಮಗೀಗೆ," ಅಂದರು ಅತ್ತೆ. "ಆ ಗುಟ್ಟೆ ತಾವ್ಕೆ ಇನ್ನೊಂದ್ಸಲ ಓದ್ರೆ ಆ ಸೈಕಲ್ನ ಬಾವಿಗೆ ಆಕ್ತೀನಿ ಅಂದಿವ್ನಿ."

ಹಾಲು ಹಾಕುವ ಮನೆಗಳಲ್ಲಿ ಸೆಲ್ವರಾಜ್ ಮಾಸ್ಟರ್ ಅವರ ಮನೆಯೂ ಒಂದು. ಕೋರಮಂಡಲ್ ಲೈನಿನಲ್ಲಿ ಮನೆ, ಗಣಿಯ ಒಳಗೆ ಬಂಡೆ ಕೊರೆಯುವ ಕೆಲಸ. ಮನೆಯ ಹಿಂದಿನ ಶೆಡ್ಡಿನಲ್ಲಿ ಹುಡುಗರಿಗೆ ಭಾರ ಎತ್ತುವುದನ್ನು ಕಲಿಸುತ್ತಿದ್ದರು. ಅವರ ಹೆಂಡತಿ ರೋಸಮ್ಮ ಹೊಸ ಜೋಡಿಯನ್ನು ಊಟಕ್ಕೆ ಕರೆದಾಗ ನಾನು ಮೊದಲ ಸಲ ಅಲ್ಲಿಗೆ ಹೋದೆ. ಗೋಡೆಯ ಮೇಲೆ ಏಸುವಿನ ಪಟ. ಅದಕ್ಕಿಂತ ದೊಡ್ಡದಾಗಿ, ಚಡ್ಡಿಯಲ್ಲಿ ನಿಂತು ಕಪ್ಪು ಹಿಡಿದ ಮಾಸ್ಟರ್ ಅವರ ಫೋಟೊ. ಮೀಸೆಗೆ ಎಣ್ಣೆ ಹಚ್ಚಿ ತುದಿ ತಿರುವಿದ್ದರು. ಬಂದವರು ಆ ಫೋಟೊ ನೋಡದಿದ್ದರೆ ಅದರ ಕೆಳಗೇ ಹೋಗಿ ನಿಂತುಕೊಳ್ಳುತ್ತಿದ್ದರು.

ಊಟದ ನಡುವೆ ನಮ್ಮವರು ಇದ್ದಕ್ಕಿದ್ದ ಹಾಗೆ, "ನರಿಗುಟ್ಟೇನ ಇಳೀದೆ ಅತ್ಬೇಕು ಮಾಸ್ಟರ್. ಕಾಲು ಸಾಲ್ತಾ ಇಲ್ಲ," ಅಂದರು.

ಮಾಸ್ಟರ್ ಎಲೆ ಬಿಟ್ಟು ಬಗ್ಗಿ, ಇವರ ಪಂಚೆಯನ್ನು ಮೊಣಕಾಲ ತನಕ ಎತ್ತಿ ನೋಡಿದರು. "ಇದು ಕಾಲಾ ತಂಬಿ, ಊದುಬತ್ತಿಯಾ?"

"ಹೊಸ ಹುಡುಗಿ ಮುಂದೆ ಏನ್ ಮಾತು ಇದು," ಅಂದರು ರೋಸಮ್ಮ.

"ಹುಡುಗಿಗೂ ಗೊತ್ತಾಗ್ಲಿ. ತಂಬಿ, ಸೈಕಲ್ ತುಳಿದು ತುಳಿದು ಬರೋದು ಉಸಿರು. ಬಲ ಅದ್ರಿಂದ ಬರಲ್ಲ. ಏರಿಗೆ ಬಲ ಬೇಕು. ಆ ಬಲ ಇಲ್ಲಿಂದ ಬರ್ಬೇಕು." ಹಾಗಂದವರೇ ಎದ್ದು ತಿರುಗಿ ನಿಂತು ತಮ್ಮ ಅಂಡಿನ ಮೇಲೆ ಫಟ್ ಅಂತ ಹೊಡೆದುಕೊಂಡರು. ರೋಸಮ್ಮ ಸಾರಿನ ಸೌಟಿನಲ್ಲೇ ಅವರ ಮೊಣಕೈಗೆ ಕೊಟ್ಟರು. ಆ ಊರಿಗೆ ಬಂದ ಮೇಲೆ ನಾನು ಬಾಯಿ ತುಂಬ ನಕ್ಕದ್ದು ಅವತ್ತೇ ಮೊದಲು.

ಮಳೆಗಾಲದ ಹೊತ್ತಿಗೆ ಸಾಧನೆ ಶುರುವಾಯಿತು. ವಾರದಲ್ಲಿ ಮೂರು ದಿನ, ಹಾಲು ಹಾಕಿ ವಾಪಸ್ಸು ಬರುವಾಗ, ಶೆಡ್ಡು. ಎಣ್ಣೆ ಡಬ್ಬಗಳಿಗೆ ಸಿಮೆಂಟು ತುಂಬಿ, ನಡುವೆ ಪೈಪು ಸಿಕ್ಕಿಸಿ ಮಾಡಿದ ಭಾರಗಳು. ಅದನ್ನು ಹೆಗಲಿಗೆ ಇಟ್ಟುಕೊಂಡು ಬಸ್ಕಿ, ನೆಲದಿಂದ ಸೊಂಟದ ತನಕ ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು. ಶುರು ಮಾಡುವ ಮುಂಚೆ ಮಾಸ್ಟರ್ ಒಳಗೆ ಏಸುವಿನ ಪಟಕ್ಕೆ ಮೇಣದ ಬತ್ತಿ, ಹೊರಗೆ ಕಬ್ಬಿಣಕ್ಕೆ ಕರ್ಪೂರ ಹಚ್ಚುತ್ತಿದ್ದರು. ಇಬ್ಬರೂ ಮುನಿಸಿಕೊಳ್ಳಬಾರದು ಅಂತ ಅವರ ಲೆಕ್ಕ. ಊಟದ ಕಟ್ಟಳೆಯನ್ನೂ ಹೇಳಿ ಕಳಿಸಿದ್ದರು. ನೆನೆಸಿದ ಕಡಲೆ, ನಾಟಿ ಕೋಳಿ ಮೊಟ್ಟೆ, ಮುದ್ದೆಯ ಜೊತೆಗೆ ಹುರುಳಿಕಟ್ಟು.

"ಉರುಳಿ ಕುದುರೆಗೆ ಇಡೋದು," ಅಂದರು ಅತ್ತೆ.

"ಕುದುರೇನೇ ಆಗ್ಬೇಕಂತೆ ಅತ್ತೆ," ಅಂದೆ ನಾನು. ಅವರು ಗೊಣಗುತ್ತಲೇ ಹುರುಳಿ ನೆನೆಸಿದರು.

ಶೆಡ್ಡಿಲ್ಲದ ದಿನಗಳಿಗೆ ಮಾಸ್ಟರ್ ಬೇರೆ ಪಾಠ ಕೊಟ್ಟಿದ್ದರು. ನಮ್ಮ ಹೊಲದ ಬಾವಿಗೆ ಅಗಲವಾದ ಕಲ್ಲಿನ ಮೆಟ್ಟಿಲುಗಳಿದ್ದವು. ಭಾರ ಹೊತ್ತು ಅವನ್ನು ಹತ್ತಿ ಇಳಿಯಬೇಕು. ಮೊದಲು ನಮ್ಮವರು ಕಲ್ಲು ತುಂಬಿದ ಗೋಣಿಚೀಲ ಹೊತ್ತರು. ಬೆನ್ನೆಲ್ಲ ತರಚಿತು. ಅದನ್ನು ನೋಡಿ ಮಾಸ್ಟರ್, "ಕಲ್ಲು ಯಾಕೆ ತಂಬಿ, ಮನೇಲಿ ಹೆಂಡ್ತಿ ಇಲ್ವಾ?" ಅಂದರಂತೆ. "ಅವಳನ್ನ ಬೆನ್ನ ಮೇಲೆ ಕೂರಿಸ್ಕೋ. ಹತ್ತುವಾಗ ಮಾತಾಡ್ತಾ ಇರ್ಬೇಕು. ಮಾತು ನಿಂತ್ರೆ ಉಸಿರು ಮುಗೀತು ಅಂತ ಲೆಕ್ಕ. ಇಳಿಸಿ ಕೂತ್ಕೋ."

ಇದನ್ನು ನನ್ನ ಹತ್ತಿರ ಹೇಳುವುದಕ್ಕೆ ಅವರು ಎರಡು ದಿನ ತಗೊಂಡರು. ಕೊನೆಗೆ ಹೇಳಿದಾಗಲೂ ಮುಖ ಎಮ್ಮೆಯ ಕಡೆಗಿತ್ತು.

ಮೊದಲ ಸಲ ಬೆನ್ನ ಮೇಲೆ ಕೂತಾಗ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಅತ್ತೆ ಆ ಕಡೆ ಬರದಿರಲಿ ಅಂತ ದೇವರನ್ನು ಬೇಡಿಕೊಂಡೆ. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಮಾತಾಡಬೇಕಲ್ಲ, ಏನು ಮಾತಾಡಬೇಕೋ ಅವರಿಗೆ ಗೊತ್ತಿಲ್ಲ. ಕೊನೆಗೆ ಹಾಲು ಹಾಕುವ ಮನೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋದರು. "ಮೇರಿಯಮ್ಮ... ಅರ್ಧ ಲೀಟರು. ಕ್ಯಾಂಟೀನ್ ನಾಯರ್... ನೀರು ಆಕಿದೀಯ ಅಂತ ದಿನಾ ಜಗಳ." ಮಾರನೆಯ ಸಲ ಎಮ್ಮೆಗಳ ವಿಷಯ. ಅದಾದ ಮೇಲೆ ಒಂದು ದಿನ, ತಮ್ಮ ಅಪ್ಪ ತೀರಿಕೊಂಡ ವರ್ಷ ತಾವು ಶಾಲೆ ಬಿಟ್ಟು ಹಾಲಿನ ಸೈಕಲ್ಲು ಹತ್ತಿದ್ದು, ಕಾಲು ಪೆಡಲ್ಲಿಗೆ ಎಟಕುತ್ತಿರಲಿಲ್ಲ ಅನ್ನುವುದು, ರೇಸಿನ ದಿನ ಮಾತ್ರ ಸೈಕಲ್ಲಿಗೆ ಕ್ಯಾನು ಇರುವುದಿಲ್ಲ ಅನ್ನುವುದು. "ಅದ್ಕೇ ಓಗ್ತೀನಿ," ಅಂದರು, ಮೇಲಿನ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ. "ಅವತ್ತೊಂದಿನ ನಾನು ಅಗುರ." ಅವರ ಭುಜದ ಮೇಲೆ ಗಲ್ಲ ಇಟ್ಟುಕೊಂಡು ನಾನು ಕೇಳುತ್ತಿದ್ದೆ. ಮುಖಕ್ಕೆ ಮುಖ ಕೊಟ್ಟು ಕೂತಿದ್ದರೆ ಅದನ್ನು ಅವರು ಯಾವತ್ತೂ ಹೇಳುತ್ತಿರಲಿಲ್ಲ.

ಅತ್ತೆ ನೋಡಿಯೇ ನೋಡಿದರು. ಹುಲ್ಲಿನ ಹೊರೆ ತಲೆಯ ಮೇಲಿಟ್ಟುಕೊಂಡು ಬಾವಿಯ ದಂಡೆಯಲ್ಲಿ ನಿಂತು, ಮಗನ ಬೆನ್ನ ಮೇಲಿದ್ದ ಸೊಸೆಯನ್ನು ನೋಡಿ, "ಯಾಕ್ಲಾ, ಅವ್ಳಿಗೆ ಕಾಲು ಇಲ್ವಾ?" ಅಂದರು.

"ಸಾಧನೆ ಕಣಮ್ಮ," ಅಂದರು ಇವರು.

"ನಮ್ ಕಾಲ್ದಲ್ಲಿ ಇದುಕ್ಕೆ ಬೇರೆ ಎಸ್ರಿತ್ತು," ಅಂತ ಹೇಳಿ ಅತ್ತೆ ನಡೆದುಬಿಟ್ಟರು. ನಾನು ಇಳಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇವರು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಕೆರೆಗೆ ನೀರು ಬಂತು, ರಾಗಿ ತೆನೆ ಮುಷ್ಟಿ ಕಟ್ಟಿದ ಹಾಗೆ ಕೂತಿತು. ಇವರ ತೊಡೆ ಗಟ್ಟಿಯಾಗಿ ಹಳೆಯ ಪ್ಯಾಂಟು ಹತ್ತದೆ ಹೋಯಿತು. ಮಾಸ್ಟರ್ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನೋಡ್ತಾ ಇರಿ ಈ ಸಲ," ಅನ್ನುತ್ತಿದ್ದರು.

ರಾಗಿ ಕೊಯ್ಲಿನಲ್ಲಿ ಎಲ್ಲ ಕೆಟ್ಟಿತು. ದೊಡ್ಡ ಹೊರೆಯೊಂದನ್ನು ಗಾಡಿಗೆ ಎಸೆಯುವಾಗ ಇವರು ಕಾಲು ಊರದೆ ಸೊಂಟ ತಿರುಚಿಕೊಂಡರು. ಮಾಸ್ಟರ್ ಹತ್ತು ಸಲ ಬೇಡ ಅಂದಿದ್ದೂ ಅದನ್ನೇ. ಚಾಪೆಯ ಮೇಲೆ ಮಲಗಿದವರು ಮಗ್ಗುಲಾಗುವುದಕ್ಕೂ ಹಲ್ಲು ಕಚ್ಚುತ್ತಿದ್ದರು. ಆಸ್ಪತ್ರೆಯಲ್ಲಿ ಎಲುಬಿಗೆ ಏನೂ ಆಗಿಲ್ಲ, ನರ ಹಿಡಿದಿದೆ, ಏಳಬೇಡ ಅಂದರು. ರೇಸಿಗೆ ಎರಡು ತಿಂಗಳೂ ಇರಲಿಲ್ಲ. ಇವರು ಮತ್ತೆ ಮೊದಲಿನ ಹಾಗೆ ಮಾತು ಬಿಟ್ಟರು. ದಿನವಿಡೀ ಸೂರು ನೋಡುತ್ತ ಮಲಗಿರುತ್ತಿದ್ದರು.

ಆದರೆ ಹಾಲು ನಿಲ್ಲುವುದಿಲ್ಲವಲ್ಲ. ಮೊದಲ ದಿನ ಪಕ್ಕದ ಮನೆಯವರು ಹಾಕಿಬಂದರು. ಮಾರನೆಯ ದಿನ ಅವರಿಗೂ ಕೊಯ್ಲು. ನಾನು ಸೀರೆಯನ್ನು ನಾಟಿ ಹಾಕುವ ಹೆಂಗಸರ ಹಾಗೆ ಕಚ್ಚೆ ಕಟ್ಟಿ, ಹಾಲಿನ ಸೈಕಲ್ಲು ತೆಗೆದೆ. ತವರಿನಲ್ಲಿ ಅಪ್ಪನ ಸೈಕಲ್ಲನ್ನು ಒಳಪೆಡಲ್ ಹೊಡೆದು ಕಲಿತು, ಆಮೇಲೆ ಬಾರಿನ ಮೇಲಿಂದ ಕಾಲು ಹಾಕಿಯೇ ಓಡಿಸಿದವಳು ನಾನು.

"ಎಂಗ್ಸು ಸೈಕಲ್ ತುಳ್ಕೊಂಡು ಪೇಟೆಗೆ ಓದ್ರೆ ಊರು ಏನಂದಾತು?" ಅಂದರು ಅತ್ತೆ.

"ಹಾಲು ಒಡೆದ್ರೆ ಏನನ್ನುತ್ತೋ ಅದಕ್ಕಿಂತ ಕಡಿಮೇನೇ ಅತ್ತೆ," ಅಂದೆ.

ಅವರು ಹಿಂದಿನಿಂದ ಕ್ಯಾನು ಹಿಡಿದುಕೊಂಡು ಊರ ಬಾಗಿಲ ತನಕ ಬಂದು ಬಿಟ್ಟುಹೋದರು.

ಮೊದಲ ದಿನ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಮೈಯೆಲ್ಲ ನೋವು. ಆದರೆ ಆ ಬೆಳಗುಗಳ ಹಾಗೆ ಆಮೇಲೆ ನಾನು ಬೆಳಗು ಕಂಡಿಲ್ಲ. ಹೊಲದ ಮೇಲೆಲ್ಲ ಇಬ್ಬನಿ, ಅವರೆ ಗಿಡದ ಸೊಗಡು, ಬಂಗಾರಪೇಟೆಯಿಂದ ಬರುವ ರೈಲಿನ ಹೊಗೆ ಮಂಜಿನಲ್ಲಿ ಕಲಸಿಹೋಗುವುದು, ದೂರದಲ್ಲಿ ಗಣಿಯ ಕಬ್ಬಿಣದ ಗೋಪುರದ ಮೇಲೆ ಚಕ್ರ ತಿರುಗುವುದು. ಲೈನಿನ ಹೆಂಗಸರು ಬಾಗಿಲಿಗೆ ಬಂದು ನೋಡಿದರು. "ವಾ ಕಣ್ಣು," ಅಂತ ರೋಸಮ್ಮ ತಮ್ಮ ತಮಿಳಿನಲ್ಲಿ ಮುದ್ದಾಗಿ ಒಳಗೆ ಕರೆದು ಬಿಸಿ ಕಾಫಿ ಕೊಟ್ಟರು.

ಕೋರಮಂಡಲ್‌ಗೆ ಒಂದು ಅಡ್ಡದಾರಿ ಇತ್ತು. ನರಿಗುಟ್ಟೆಯ ಪಕ್ಕೆಯನ್ನು ಹತ್ತಿ ಇಳಿಯುವ ದಾರಿ, ಅದೂ ಕೆಂಪು ಗರಸೇ. ವಾರ ಕಳೆದ ಮೇಲೆ ಧೈರ್ಯ ಮಾಡಿ ಅದನ್ನು ಹಿಡಿದೆ. ಹಿಂದೆ ತುಂಬಿದ ಕ್ಯಾನು, ಪೆಡಲ್ಲಿನ ಮೇಲೆ ಎದ್ದು ನಿಲ್ಲುವುದಕ್ಕೆ ಭಯ. ಸೀಟಿನ ಮೇಲೆ ಗಟ್ಟಿಯಾಗಿ ಕೂತು, ಮೂಗು ಹ್ಯಾಂಡಲಿಗೆ ತಾಗುವಷ್ಟು ಬಗ್ಗಿ, ಒಂದೊಂದೇ ತುಳಿತ ತುಳಿದೆ. ಚಕ್ರ ನೆಲವನ್ನು ಕಚ್ಚಿಕೊಂಡು, ಆಮೆಯ ಹಾಗೆ, ಹತ್ತಿಯೇಬಿಟ್ಟಿತು. ವಾಪಸ್ಸು ಬರುವಾಗ ಕ್ಯಾನು ಖಾಲಿ. ಗೆದ್ದೆ ಅನ್ನುವ ಉಮೇದಿನಲ್ಲಿ ಆ ಕಡೆಯ ಏರನ್ನು ಎದ್ದು ನಿಂತು ತುಳಿದೆ. ಚಕ್ರ ಗಿರ್ರನೆ ತಿರುಗಿ, ನಾನೊಂದು ಕಡೆ, ಸೈಕಲ್ಲೊಂದು ಕಡೆ. ಕ್ಯಾನುಗಳು ಡಣಡಣ ಅಂತ ಕೆಳಗೆ ಉರುಳಿ, ಮೇಕೆ ಕಾಯುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

ಗರಸಿನ ಮೇಲೆ ಕೂತೇ ಯೋಚನೆ ಮಾಡಿದೆ. ಭಾರ ಹೊತ್ತಾಗ ಹತ್ತಿದ್ದು, ಹಗುರಾದಾಗ ಬಿದ್ದದ್ದು ಯಾಕೆ? ಕ್ಯಾನು ಆಯ್ದು ತಂದು, ಖಾಲಿ ಸೈಕಲ್ಲಿನಲ್ಲೇ ಮತ್ತೆ ಕೂತು, ಬಗ್ಗಿ, ನಿಧಾನವಾಗಿ ತುಳಿದೆ. ಹತ್ತಿತು. ಎದ್ದು ನಿಂತರೆ ಮೈಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗಿ ಹಿಡಿತ ಬಿಡುತ್ತದೆ, ಕೂತರೆ ಭಾರ ಅದರ ಮೇಲೇ ಇರುತ್ತದೆ. ಇಷ್ಟೇ ವಿಷಯ.

ಮನೆಗೆ ಬಂದು ಇವರ ತಲೆದೆಸೆಯಲ್ಲಿ ಕೂತು ಹೇಳಿದೆ. ಇವರು ನಕ್ಕುಬಿಟ್ಟರು. "ಏರಲ್ಲಿ ಎಲ್ರೂ ಎದ್ದೇ ತುಳಿಯೋದು ರತ್ನ."

"ಎಲ್ರೂ ಇಳಿದು ತಳ್ಳೋದೂ ಅದಕ್ಕೇ," ಅಂದೆ.

ಇವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಮೊಣಕೈ ಊರಿ, ಬಹಳ ದಿನಗಳ ಮೇಲೆ ತಾವೇ ಎದ್ದು ಕೂತರು. "ಆ ಮಾತು ಇನ್ನೊಂದ್ಸಲ ಏಳು. ನಿಧಾನಕ್ಕೆ ಬಿಡ್ಸಿ ಏಳು."

ನಡೆಯುವ ಹಾಗಾದ ಮೇಲೆ ಮೊದಲು ಹೋದದ್ದು ಮಾಸ್ಟರ್ ಹತ್ತಿರ. ನಾನು ಹೇಳಿದ್ದನ್ನು ಕೇಳಿ ಮಾಸ್ಟರ್ ಸೈಕಲ್ಲನ್ನು ಒಂದು ಸುತ್ತು ಹಾಕಿದರು, ಸೀಟನ್ನು ಒತ್ತಿ ನೋಡಿದರು, ಮೀಸೆ ತಿರುವಿದರು. "ಇದನ್ನೇ ನಾನು ಈ ವಾರ ಹೇಳ್ಬೇಕು ಅಂತಿದ್ದೆ," ಅಂದರು.

"ಅಂತಿದ್ರಿ, ಅಂತಿದ್ರಿ," ಅಂದರು ರೋಸಮ್ಮ ಒಳಗಿನಿಂದ.

ಕೂತು ತುಳಿಯುವುದಕ್ಕೆ ಮೈಭಾರದ ಸಹಾಯ ಸಿಗುವುದಿಲ್ಲ, ಎಲ್ಲ ತೊಡೆ ಮತ್ತು ಸೊಂಟದಿಂದಲೇ ಬರಬೇಕು. ಅಲ್ಲಿಂದ ಸಾಧನೆಯ ದಾರಿಯೇ ಬದಲಾಯಿತು. ಹಾಲಿನ ಸೈಕಲ್ಲು ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಮೊದಲು ಬೆನ್ನು ಸರಿಹೋಗಲಿ ಅಂತ ಅಂಗಾತ ಮಲಗಿ ಸೊಂಟ ಎತ್ತಿ ಹಿಡಿಯುವುದು. ಆಮೇಲೆ ಸಣ್ಣ ಭಾರ, ನಿಧಾನದ ಬಸ್ಕಿ, ಕೆಳಗೆ ಕೂತಾಗ ಮಾಸ್ಟರ್ ಹಾಡಿನ ಒಂದು ಸಾಲು ಮುಗಿಸುವ ತನಕ ಏಳುವ ಹಾಗಿಲ್ಲ. ಅವರು ಬೇಕೆಂದೇ ಉದ್ದದ ಸಾಲು ಆರಿಸುತ್ತಿದ್ದರು. ಹ್ಯಾಂಡಲು ಎಳೆಯುವುದಕ್ಕೆ ತೋಳು ಬೇಕೆಂದು ಸಿಮೆಂಟು ಡಬ್ಬವನ್ನು ಎದೆಯ ಕಡೆಗೆ ಸೆಳೆಯುವುದು. ಹೊತ್ತು ಇಳಿದ ಮೇಲೆ ನರಿಗುಟ್ಟೆ. ಮೊದಲು ಅರ್ಧ ಏರಿಗೆ ಕಾಲು ಊರುತ್ತಿದ್ದರು. ನಾನು ಪಕ್ಕದಲ್ಲಿ ಏರು ಹತ್ತುತ್ತ, "ಕೂತ್ಕೊಳ್ಳಿ, ಎದ್ರಿ ನೋಡಿ, ಕೂತ್ಕೊಳ್ಳಿ," ಅಂತ ಕೂಗುತ್ತಿದ್ದೆ. ಹೊಸ ಹೆಂಡತಿ ಗಂಡನನ್ನು ಗುಟ್ಟೆಯ ಮೇಲೆ ಗದರಿಸುತ್ತಾಳೆ ಅಂತ ಊರಲ್ಲಿ ಮಾತಾಯಿತು. ಸಂಕ್ರಾಂತಿಯ ತನಕವೂ ಪೂರ್ತಿ ಏರು ಒಂದು ಸಲವೂ ಆಗಲಿಲ್ಲ. ಮೇಲೆ ಇನ್ನೇನು ತಲುಪಬೇಕು, ಅಲ್ಲೊಂದು ಬಂಡೆಯ ತಿರುವಿದೆ, ಅಲ್ಲಿ ಸೋಲುತ್ತಿದ್ದರು.

ರೇಸಿನ ದಿನ ಅತ್ತೆ ಬರುವುದಿಲ್ಲ ಅಂದರು. ಹಿಂದಿನ ದಿನ ರೋಸಮ್ಮ ನಮ್ಮೂರಿಗೇ ಬಂದು ಕರೆದುಹೋಗಿದ್ದರಿಂದ ಕೊನೆಯ ಗಳಿಗೆಯಲ್ಲಿ ಮಜ್ಜಿಗೆಯ ತಂಬಿಗೆ ಸೊಂಟದ ಮೇಲಿಟ್ಟುಕೊಂಡು ಹೊರಟರು. "ಬಿದ್ರೆ ಎತ್ಕೊಂಡ್ ಬರೋಕಾದ್ರೂ ಒಬ್ರು ಬೇಕಲ್ಲ," ಅಂದರು. ನಾವಿಬ್ಬರೂ ಗುಟ್ಟೆಯ ನೆತ್ತಿಯ ಮೇಲೆ ಜಾಗ ಹಿಡಿದೆವು. ಲೈನಿನ ಜನ, ಹಳ್ಳಿಗಳ ಜನ, ಬೋಂಡ ಮಾರುವವರು, ಎಲ್ಲರೂ ಬಂಡೆಗಳ ಮೇಲೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಾಟ.

ಕೆಳಗೆ ಕೆರೆ ಕಟ್ಟೆಯ ಮೇಲೆ ಮೊದಲು ಕಾಣಿಸಿದವನು ಬಾಬು. ಅವನ ಹಿಂದೆ ನಾಲ್ಕೈದು ಜನ, ಅದರಾಚೆ ನಮ್ಮವರ ಬಿಳಿ ಬನಿಯನ್ನು. ಬಾಬು ಏರಿನ ಬುಡದಲ್ಲಿ ಎದ್ದು ನಿಂತು ಜೋರಾಗಿ ತುಳಿದ, ಚಕ್ರ ಜಾರಿತು, ಜಿಗಿದಿಳಿದು ಓಡುತ್ತ ತಳ್ಳತೊಡಗಿದ. ಉಳಿದವರೂ ಅವನ ಹಿಂದೆಯೇ ಇಳಿದರು. ಇವರು ಬಂದರು. ಇಳಿಯಲಿಲ್ಲ. ಕೂತೇ ಇದ್ದರು. ಹ್ಯಾಂಡಲಿನ ಮೇಲೆ ಬಗ್ಗಿ, ಒಂದು ತುಳಿತ, ಇನ್ನೊಂದು ತುಳಿತ, ಪಕ್ಕದಲ್ಲಿ ತಳ್ಳುವವರು ಓಡುತ್ತಿದ್ದರೂ ಅವಸರವೇ ಇಲ್ಲ. "ಇಳೀರಿ ಅಣ್ಣ, ಟೈಮ್ ಆಗುತ್ತೆ," ಅಂತ ಯಾರೋ ಕೂಗಿದರು. ಗದ್ದಲ ಕಡಿಮೆಯಾಗುತ್ತ ಬಂತು. ತಳ್ಳುವವರ ಉಸಿರು ಸೋತಿತು, ಅವರ ಚಪ್ಪಲಿ ಗರಸಿನಲ್ಲಿ ಜಾರಿತು. ಇವರು ಒಬ್ಬೊಬ್ಬರನ್ನೇ ದಾಟಿದರು. ಬಂಡೆಯ ತಿರುವಿನಲ್ಲಿ ಬಾಬುವಿನ ಪಕ್ಕಕ್ಕೆ ಬಂದರು. ಅಲ್ಲಿ ಚಕ್ರ ಒಂದು ಕ್ಷಣ ನಿಂತೇಹೋಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇವರ ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದವು. ನನ್ನ ಕೈ ಅತ್ತೆಯ ತೋಳನ್ನು ಹಿಸುಕುತ್ತಿತ್ತು. ಪೆಡಲ್ಲು ಕೆಳಗೆ ಹೋಯಿತು. ಚಕ್ರ ತಿರುಗಿತು. ಕಾಲು ನೆಲಕ್ಕೆ ತಾಗಲಿಲ್ಲ.

ಬಂಡೆಗಳ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಇವರು ಎಲ್ಲರಿಗಿಂತ ಮೊದಲು, ಸೈಕಲ್ಲಿನ ಮೇಲೆ ಕೂತೇ, ನರಿಗುಟ್ಟೆಯ ನೆತ್ತಿಗೆ ಬಂದರು. ಇನ್ನು ಇಳಿಜಾರು, ಅದರಾಚೆ ಮೈದಾನ. ಆಗ ಅತ್ತೆ ಜನರನ್ನು ತಳ್ಳಿಕೊಂಡು ಹೋಗಿ ಎರಡೂ ಕೈಯಲ್ಲಿ ಹ್ಯಾಂಡಲು ಹಿಡಿದು ನಿಲ್ಲಿಸಿದರು.

"ಅಮ್ಮ, ಬಿಡಮ್ಮ," ಅಂದರು ಇವರು.

"ಬಾಯಿ ಒಣಗಿ ಬೆಳ್ಳಗೆ ಆಗೈತೆ. ಒಂದು ಗುಟುಕು ಕುಡ್ಕೊಂಡು ಓಗು."

"ಅಮ್ಮ, ರೇಸು."

"ಎಲ್ಗೂ ಓಗಲ್ಲ ನಿನ್ನ ರೇಸು. ಕುಡಿ."

ಅಷ್ಟು ವರ್ಷ ಆ ಗುಟ್ಟೆಯನ್ನು ಬೈದವರ ಕಣ್ಣಲ್ಲಿ ನೀರು ತುಂಬಿತ್ತು. ಇವರು ಅದನ್ನು ನೋಡಿದರು, ತಂಬಿಗೆ ತಗೊಂಡರು, ಕುಡಿದರು. ಒಂದು ಗುಟುಕಲ್ಲ, ಪೂರ್ತಿ. ಅಷ್ಟರಲ್ಲಿ ಬಾಬು ನೆತ್ತಿಗೆ ಬಂದು, ಜಿಗಿದು ಹತ್ತಿ, ಕೆಳಗೆ ಹಾರಿಹೋದ.

ಮೈದಾನದಲ್ಲಿ ಅವನು ಗೆದ್ದದ್ದು ಒಂದು ಸೈಕಲ್ಲಿನ ಅಂತರದಲ್ಲಿ. ಮಾಸ್ಟರ್ ಟವಲು ನೆಲಕ್ಕೆ ಎಸೆದು, "ಏನಮ್ಮಾ ಇದು, ರೇಸ್ ಮಧ್ಯೆ ಯಾರಾದ್ರೂ ಮಜ್ಜಿಗೆ ಕೊಡ್ತಾರಾ," ಅಂತ ಅತ್ತೆಯ ಮುಂದೆ ಅಳುವ ಹಾಗಾದರು. ಅತ್ತೆ ಬಹುಮಾನದ ಮೇಜಿನ ಕಡೆ ನೋಡುತ್ತಿದ್ದರು. ಮೊದಲನೆಯದಕ್ಕೆ ರೇಡಿಯೋ, ಎರಡನೆಯದಕ್ಕೆ ಸ್ಟೀಲಿನ ಕೊಡ. "ರೇಡಿಯೋ ತಗೊಂಡು ಏನ್ ಅದ್ರಲ್ಲಿ ನೀರು ಸೇದಕ್ಕಾತದಾ?" ಅಂದರು.

ಜನ ಮುತ್ತಿಕೊಂಡದ್ದು ಮಾತ್ರ ಇವರನ್ನು. ಬಾಬುವೂ ರೇಡಿಯೋ ಕಂಕುಳಲ್ಲಿ ಇಟ್ಟುಕೊಂಡು ಬಂದು, "ಹೆಂಗೆ ಹತ್ತಿದೆ ಅಣ್ಣ? ಹೇಳ್ಕೊಡು," ಅಂದ. ಇವರು ನನ್ನ ಕಡೆ ಕೈ ತೋರಿಸಿದರು. "ನಮ್ಮನೆಯವ್ರನ್ನ ಕೇಳಪ್ಪ. ಅವ್ರೇ ಮೊದ್ಲು ಕಂಡಿದ್ದು." ಅಷ್ಟು ಜನರ ಮುಂದೆ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮಾಸ್ಟರ್ ಮೀಸೆ ಮುಟ್ಟಿಕೊಂಡು, "ಅದನ್ನ ನಾನೂ..." ಅನ್ನುವಷ್ಟರಲ್ಲಿ ರೋಸಮ್ಮನನ್ನು ನೋಡಿ ಸುಮ್ಮನಾದರು.

ಸಂಜೆ ರೋಸಮ್ಮ ಎಲ್ಲರಿಗೂ ಅಡಿಗೆ ಮಾಡುತ್ತಿದ್ದರು. ಅತ್ತೆ ಹೊಸ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅವರಿಗೆ ಹಿತಕಿದ ಅವರೆಯ ಸಾರು ಹೇಳಿಕೊಡುತ್ತಿದ್ದರು. ಇನ್ನೂ ಬೆಳಕಿತ್ತು. ನಾನು ಇವರ ಹತ್ತಿರ ಹೋಗಿ, "ನಿಮ್ಮ ಸೈಕಲ್ಲು ಸ್ವಲ್ಪ ಕೊಡ್ತೀರಾ?" ಅಂದೆ.

ಆ ಸೈಕಲ್ಲನ್ನು ಅವರು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಯಾಕೆ ಅಂತಲೂ ಕೇಳದೆ ಸೀಟನ್ನು ನನ್ನ ಅಳತೆಗೆ ಇಳಿಸಿದರು. ಇಬ್ಬರೂ ನರಿಗುಟ್ಟೆಯ ಬುಡಕ್ಕೆ ಬಂದೆವು. ಬೆಳಗಿನ ಜನವೆಲ್ಲ ಹೋಗಿ, ಮೇಕೆಗಳು ಮಾತ್ರ ಇದ್ದವು. ನಾನು ಕಚ್ಚೆ ಬಿಗಿದು ಕೂತೆ. ಮೊದಲ ಸಲ ಅರ್ಧಕ್ಕೆ ಕಾಲು ಊರಿದೆ. ತಿರುಗಿ ಬುಡಕ್ಕೆ ಬಂದು ಮತ್ತೆ ಶುರುಮಾಡಿದೆ. ಚಳಿಗಾಲವಿಡೀ ಹಾಲು ಹೊತ್ತ ತೊಡೆ ಉರಿಯುತ್ತಿತ್ತು. ಪಕ್ಕದಲ್ಲಿ ಓಡಿಬರುತ್ತಿದ್ದ ಇವರ ಉಸಿರು ಬಂಡೆಯ ತಿರುವಿನ ತನಕ ಕೇಳಿಸಿ, ಹಿಂದೆ ಬಿತ್ತು. ಆಮೇಲೆ ಕೇಳಿಸಿದ್ದು ಗರಸಿನ ಮೇಲೆ ಟೈರಿನ ಕರಕರ ಸದ್ದು ಮಾತ್ರ. ಅದೂ ನಿಂತು, ಕಣ್ಣೆತ್ತಿದರೆ, ಮುಂದೆ ಏರು ಇರಲಿಲ್ಲ.

ಎಲ್ಲಿ ನೋಡಿದರೂ ತಗ್ಗು. ಗಣಿಯ ದಿಬ್ಬಗಳ ಮೇಲೆ ಹಳದಿ ಬಿಸಿಲು, ಕೆರೆಯ ನೀರು, ಬಂಗಾರಪೇಟೆಯ ಕಡೆ ಹೊರಟ ರೈಲು, ಅದರಾಚೆ ನಮ್ಮೂರಿನ ಮರಗಳು. ಇವರು ಏದುತ್ತ ಬಂದು ನನ್ನ ಪಕ್ಕ ನಿಂತು ಹ್ಯಾಂಡಲಿನ ಮೇಲೆ ಕೈ ಇಟ್ಟರು.

"ಇಳಿಯೋದು ಗೊತ್ತಾ?"

"ಗೊತ್ತಿಲ್ಲ."

"ಮೊಣಕೈ ಸಡಿಲ ಬಿಡು. ಸೀಟಿಂದ ಸ್ವಲ್ಪ ಹಿಂದಕ್ಕೆ ಸರ್ಕೊಂಡು ಪೆಡಲ್ ಮೇಲೆ ನಿಲ್ಲು. ಚಕ್ರ ನೋಡ್ಬೇಡ, ದೂರ ನೋಡು. ಬ್ರೇಕು ಒಂದೇ ಐತೆ, ಗಟ್ಟಿಯಾಗಿ ಅದುಮ್ಬೇಡ."

ಕೆಳಗೆ ಅಡ್ಡದಾರಿಯಲ್ಲಿ ಅತ್ತೆ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ನೆತ್ತಿಯ ಮೇಲೆ ಸೈಕಲ್ಲು ಹಿಡಿದು ನಿಂತಿದ್ದ ನನ್ನನ್ನು ಕಂಡು ಎರಡೂ ಕೈ ಎತ್ತಿ ಬೇಡ, ಬೇಡ ಅಂತ ಕೂಗಿದರು. ಇವರು ಹ್ಯಾಂಡಲಿನಿಂದ ಕೈ ತೆಗೆದರು. ನಾನು ದೂರ ನೋಡಿದೆ. ಬ್ರೇಕು ಬಿಟ್ಟೆ.